ಒಗ್ಗರಣೆಗೆ ಮೊದಲು ನಾಯಿಯ ಪಾಲು



ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ನಾಯಿಗೆ ಊಟದ ವಿಚಾರ ತಿಳಿಯದು. ಎದುರಿಗೆ ಹಾಕಿದ್ದನ್ನು ಅದು ತಿನ್ನುತ್ತದೆ. ಆದ್ದರಿಂದ ಅದರ ಪರವಾಗಿ ಊಟ ಬಲ್ಲವರು ನಾವೇ ಆಗಬೇಕು. ಈ ಮಾತು ಇಂದು ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಯಿ ಹೊಸದಲ್ಲ. ಕಣ ಕಾಯಲು, ಕುರಿಹಟ್ಟಿ ಕಾಯಲು, ತೋಟದ ಮನೆ ಕಾಯಲು ನಾಟಿ ನಾಯಿಗಳು ಮೊದಲಿನಿಂದಲೂ ಇವೆ. ಅವು ಬೀದಿ ಸುತ್ತಿ, ಇಲಿ ಹಿಡಿದು, ಅಲ್ಲಿ ಇಲ್ಲಿ ತಿಂದು, ರಾತ್ರಿ ಜಗಲಿಯ ಕೆಳಗೆ ಮಲಗುತ್ತಿದ್ದವು. ಈಗ ಅವುಗಳ ಜೊತೆಗೆ ಇನ್ನೊಂದು ಬಗೆಯ ನಾಯಿ ನಮ್ಮ ಮನೆಗಳನ್ನು ಸೇರಿದೆ. ಐದಾರು ಕೆ.ಜಿ. ತೂಗುವ ಪಾಮೇರಿಯನ್, ಅದರ ಮಿಶ್ರತಳಿ, ಇಲ್ಲವೇ ಮಗ ಪೇಟೆಯಿಂದ ತಂದುಬಿಟ್ಟ ಯಾವುದೋ ಸಣ್ಣ ನಾಯಿ. ಇದು ಬೀದಿ ಸುತ್ತುವುದಿಲ್ಲ. ಹಗಲು ಕಟ್ಟಿಹಾಕಿರುತ್ತಾರೆ, ರಾತ್ರಿ ಒಳಗೆ ಮಲಗುತ್ತದೆ. ಮಕ್ಕಳ ಮಡಿಲಲ್ಲಿ ಕೂರುತ್ತದೆ, ಅವರ ಕೈ ಮುಖ ನೆಕ್ಕುತ್ತದೆ. ನಾವು ಹಾಕಿದ್ದನ್ನು ಬಿಟ್ಟರೆ ಅದಕ್ಕೆ ಬೇರೆ ಆಹಾರವಿಲ್ಲ.

ಮಳವಳ್ಳಿ ಕಡೆಯ ಒಂದು ಮನೆಯಲ್ಲಿ ಇಂಥ ಸಣ್ಣ ನಾಯಿಯೊಂದನ್ನು ಕಂಡೆ. ಕೂದಲು ಉದುರಿತ್ತು, ಹೊಟ್ಟೆ ಊದಿತ್ತು, ಒಸಡು ಬಿಳಿಚಿಕೊಂಡಿತ್ತು. "ಇದಕ್ಕೆ ಏನು ಹಾಕುತ್ತೀರಮ್ಮ?" ಎಂದು ಮನೆಯ ಹಿರಿಯಮ್ಮನವರನ್ನು ಕೇಳಿದೆ. "ಏನ್ ಹಾಕದು ಸ್ವಾಮಿ, ನಾವುಂಡು ಮಿಕ್ಕಿದ್ದು. ಮುದ್ದೆ, ಬಸ್ಸಾರು. ಅದೂ ಮನೆ ಮಗೀನಂಗೇ ಅಲ್ವಾ?" ಎಂದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆ ತಟ್ಟೆಯಲ್ಲಿ ಕೊರತೆ ಇತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಕಿದ ನಾಯಿಗೆ ನಾವು ಉಂಡು ಉಳಿಸಿದ್ದನ್ನು ಹಾಕುವ ಪದ್ಧತಿ ಹೋಗಬೇಕು. ಅದರ ಬದಲು, ಅಡಿಗೆಗೆ ಮಸಾಲೆ, ಒಗ್ಗರಣೆ ಬೀಳುವುದಕ್ಕೆ ಮೊದಲೇ ಅದರ ಪಾಲನ್ನು ತೆಗೆದಿಡುವ ಪದ್ಧತಿ ಬರಬೇಕು. ಇದಕ್ಕೆ ಬೇರೆ ಒಲೆ ಹೊತ್ತಿಸಬೇಕಾಗಿಲ್ಲ. ನಮ್ಮ ಮನೆಯ ಪದಾರ್ಥಗಳೇ ಸಾಕು.

ಮಿಕ್ಕ ಊಟದಲ್ಲಿ ಏನು ತಪ್ಪು?

ಮೊದಲನೆಯದು ಈರುಳ್ಳಿ. ನಮ್ಮ ಬಸ್ಸಾರು, ಮಸ್ಸೊಪ್ಪು, ಬಾಡಿನ ಸಾರು ಯಾವುದೂ ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಆಗುವುದಿಲ್ಲ. ನಮಗೆ ಇವು ಒಳ್ಳೆಯವು, ನಾಯಿಗೆ ವಿಷ. ಈರುಳ್ಳಿಯಲ್ಲಿರುವ ಗಂಧಕಯುಕ್ತ ವಸ್ತುಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ದೇಹತೂಕದ ಪ್ರತಿ ಕೆ.ಜಿ.ಗೆ 15ರಿಂದ 30 ಗ್ರಾಂ ಈರುಳ್ಳಿ ಸೇರಿದರೆ ರಕ್ತಹೀನತೆ ಕಾಣಿಸಿಕೊಳ್ಳಬಹುದು. ಹಾಗೆಂದರೆ 5 ಕೆ.ಜಿ. ನಾಯಿಗೆ ಒಂದು ಈರುಳ್ಳಿಯೇ ಸಾಕು. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಕೆಡುಕೇ. ಬೇಯಿಸಿದರೆ, ಹುರಿದರೆ ಈ ವಿಷ ಹೋಗುವುದಿಲ್ಲ. ಮದ್ದೂರು ವಡೆ ನಮ್ಮ ಹೆಮ್ಮೆ. ಆದರೆ ಅದರ ತುಂಬಾ ಈರುಳ್ಳಿ ಇರುವುದರಿಂದ ಒಂದು ತುಂಡನ್ನೂ ನಾಯಿಗೆ ಎಸೆಯಕೂಡದು. ತಿಂದ ಕೆಲವು ದಿನಗಳಲ್ಲಿ ಒಸಡು ಬಿಳಿಚಿಕೊಂಡು, ಮೂತ್ರ ಕೆಂಪಗೆ ಅಥವಾ ಕಂದು ಬಣ್ಣಕ್ಕೆ ತಿರುಗಿ, ನಾಯಿ ಸುಸ್ತಾದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಎರಡನೆಯದು ಉಪ್ಪು, ಖಾರ, ಎಣ್ಣೆ. ನಮ್ಮ ನಾಲಗೆಗೆ ಹಿತವಾದ ಸಾರು ಐದು ಕೆ.ಜಿ. ಪ್ರಾಣಿಯ ಕರುಳಿಗೆ ಉರಿ. ಪದೇ ಪದೇ ಭೇದಿಯಾಗುವ ನಾಯಿಗೆ ಎಷ್ಟು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ.

ಮೂರನೆಯದು ಸಸಾರಜನಕದ ಕೊರತೆ. ಬರೀ ಮುದ್ದೆ, ಬರೀ ಅನ್ನ ತಿಂದ ನಾಯಿಗೆ ಹೊಟ್ಟೆ ತುಂಬುತ್ತದೆ, ಮಾಂಸಖಂಡ ಬೆಳೆಯುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಸಸಾರಜನಕವಿದೆ. ನಾಯಿಯ ಆಹಾರದ ಒಣತೂಕದಲ್ಲಿ ನೂರಕ್ಕೆ 18 ಪಾಲಾದರೂ ಸಸಾರಜನಕ ಇರಬೇಕು. ಬೆಳೆಯುವ ಮರಿಗೆ 22ಕ್ಕಿಂತ ಹೆಚ್ಚು ಬೇಕು. ಈ ಕೊರತೆಯನ್ನು ಮೊಟ್ಟೆ, ಮಾಂಸ, ಮೀನು, ಮೊಸರು ತುಂಬಬೇಕು.

ರಾಗಿ ಬೇಡವೇ?

ಬೇಕು. ನಾಯಿಗೆ ಧಾನ್ಯ ಕೂಡದು ಎಂದು ಕೆಲವರು ಹೇಳುತ್ತಾರೆ. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ನಾಯಿ ಚೆನ್ನಾಗಿ ಬೆಂದ ಪಿಷ್ಟವನ್ನು ಅರಗಿಸಿಕೊಳ್ಳಬಲ್ಲದು. ರಾಗಿಯಲ್ಲಿ ಇನ್ನೊಂದು ಗುಣವುಂಟು. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿ.ಗ್ರಾಂ ಸುಣ್ಣದ ಅಂಶವಿದೆ; ಅಕ್ಕಿಯಲ್ಲಿ ಸುಮಾರು 10 ಮಿ.ಗ್ರಾಂ ಮಾತ್ರ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಜಿಲ್ಲೆ ನಮ್ಮದು. ಇಲ್ಲಿ ನಾಯಿಯ ಪಾಲಿಗೆ ಒಂದು ಹಿಡಿ ಹಿಟ್ಟು ಹೊರೆಯಾಗಲಾರದು.

ಆದರೆ ಮುದ್ದೆಯನ್ನು ಇಡಿಯಾಗಿ ಎಸೆಯಬೇಡಿ. ನಾಯಿಯೂ ನಮ್ಮಂತೆ ಅದನ್ನು ನುಂಗಿಬಿಡುತ್ತದೆ; ಸಣ್ಣ ನಾಯಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಚೆನ್ನಾಗಿ ಬೆಂದ ಮುದ್ದೆಯನ್ನು ಬಿಸಿನೀರಿನಲ್ಲಿ ಕಿವುಚಿ, ಗಟ್ಟಿ ಗಂಜಿಯ ಹದಕ್ಕೆ ತಂದು ಹಾಕಿ. ಹಸಿ ಹಿಟ್ಟನ್ನು ಕಲಸಿ ಹಾಕಲೇಕೂಡದು.

ಒಂದು ದಿನದ ಊಟ

5 ಕೆ.ಜಿ. ತೂಗುವ, ಬೆಳೆದ, ಮನೆಯಲ್ಲೇ ಇರುವ ನಾಯಿಗೆ ದಿನಕ್ಕೆ ಸುಮಾರು 350 ಕಿಲೋ ಕ್ಯಾಲೊರಿ ಶಕ್ತಿ ಬೇಕು. ಅದಕ್ಕೆ ಕೆಳಗಿನ ಅಳತೆ ಹತ್ತಿರವಾಗುತ್ತದೆ:

ರಾಗಿ ಹಿಟ್ಟು 40 ಗ್ರಾಂ (ಮುದ್ದೆಯಾದ ಮೇಲೆ ಒಂದು ಸಣ್ಣ ಕಿತ್ತಳೆಹಣ್ಣಿನಷ್ಟು)
ಬೇಯಿಸಿದ ಕೋಳಿಮೊಟ್ಟೆ 1
ಮೂಳೆ ತೆಗೆದು ಬೇಯಿಸಿದ ಕೋಳಿ ಅಥವಾ ಕುರಿಮಾಂಸ, ಇಲ್ಲವೇ ಮುಳ್ಳು ತೆಗೆದ ಕೆರೆಮೀನು 50 ಗ್ರಾಂ
ಬೇಯಿಸಿದ ಸಿಹಿಗುಂಬಳ ಅಥವಾ ಹುರುಳಿಕಾಯಿ 30 ಗ್ರಾಂ
ಅಡಿಗೆ ಎಣ್ಣೆ 1 ಟೀ ಚಮಚ
ಮೊಟ್ಟೆಚಿಪ್ಪಿನ ನುಣ್ಣನೆಯ ಪುಡಿ ಕಾಲು ಟೀ ಚಮಚ

ಇವನ್ನು ಒಟ್ಟಿಗೆ ಕಿವುಚಿ ಎರಡು ಪಾಲು ಮಾಡಿ, ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಿ. ಉಗುರುಬೆಚ್ಚಗಿರಲಿ. ಉಪ್ಪು ಬೇಡ. ಪಕ್ಕದಲ್ಲಿ ಶುದ್ಧವಾದ ನೀರು ದಿನವಿಡೀ ಇರಲಿ.

ಮೊಟ್ಟೆಚಿಪ್ಪು ಯಾಕೆ ಎಂದು ಕೇಳಬಹುದು. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣ ಬಹಳ ಕಡಿಮೆ. ರಾಗಿಯೊಂದರಿಂದಲೇ ಅದು ಸರಿಹೋಗುವುದಿಲ್ಲ. ಸುಣ್ಣ ಸಾಲದೆ ಹೋದರೆ ದೇಹವು ಅದನ್ನು ಮೂಳೆಯಿಂದ ಎಳೆದುಕೊಳ್ಳುತ್ತದೆ. ಮರಿಗಳ ಕಾಲು ಸೊಟ್ಟಗಾಗುವುದು, ಸುಲಭವಾಗಿ ಮೂಳೆ ಮುರಿಯುವುದು ಇದರಿಂದಲೇ. ಚಿಪ್ಪನ್ನು ತೊಳೆದು, ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಡಬ್ಬಿಯಲ್ಲಿಟ್ಟುಕೊಳ್ಳಿ. ಹಸುವಿಗೆ ಹಾಕುವ ಖನಿಜ ಮಿಶ್ರಣವನ್ನು ನಾಯಿಗೆ ಹಾಕಬೇಡಿ. ಮನೆಯೂಟದಲ್ಲಿ ಬರದ ಉಳಿದ ಖನಿಜ, ಜೀವಸತ್ವಗಳಿಗೆ ನಾಯಿಗೆಂದೇ ಮಾಡಿದ ಔಷಧಿ ಉಂಟು. ಎಷ್ಟು ಬೇಕೆಂಬುದನ್ನು ಪಶುವೈದ್ಯರಿಂದ ಕೇಳಿ ತಿಳಿಯಿರಿ.

ತೂಕ ಬೇರೆಯಾದರೆ ಅಳತೆಯೂ ಬೇರೆ. 3 ಕೆ.ಜಿ. ನಾಯಿಗೆ ಮೇಲಿನದರಲ್ಲಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ, 8 ಕೆ.ಜಿ. ನಾಯಿಗೆ ಒಂದೂವರೆ ಪಾಲಿಗಿಂತ ಸ್ವಲ್ಪ ಕಡಿಮೆ. 10 ಕೆ.ಜಿ. ನಾಯಿಗೆ ಎರಡರಷ್ಟು ಬೇಡ, ಒಂದೂಮುಕ್ಕಾಲು ಪಾಲು ಸಾಕು. ತೂಕ ಹೆಚ್ಚಿದಷ್ಟೂ ಪ್ರತಿ ಕೆ.ಜಿ.ಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ ಎಂಬುದು ಇದರ ಲೆಕ್ಕ. ತೂಕ ನೋಡಲು ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕವನ್ನು ಕಳೆಯಿರಿ. ತಿಂಗಳಿಗೊಮ್ಮೆ ಹೀಗೆ ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಇದೇ ಸರಿಯಾದ ಮೈಕಟ್ಟಿನ ಗುರುತು.

ಮಾಂಸ ಮಾಡದ ಮನೆಯವರು 50 ಗ್ರಾಂ ಮಾಂಸದ ಬದಲು ಇನ್ನೊಂದು ಮೊಟ್ಟೆಯನ್ನೂ ಅರ್ಧ ಬಟ್ಟಲು ಮೊಸರನ್ನೂ ಕೊಡಬಹುದು. ಮೊಟ್ಟೆಯೂ ಬಾರದ ಮನೆಯವರು ಮೊಸರು, ಪನೀರು, ನುಣ್ಣಗೆ ಬೇಯಿಸಿದ ಕಾಳು ಇವುಗಳಿಂದ ತೂಗಿಸಿಕೊಳ್ಳಬೇಕು. ಆದರೆ ಅಂಥವರು ಪಶುವೈದ್ಯರ ಸಲಹೆ ಇಲ್ಲದೆ ಬಹುಕಾಲ ನಡೆಸಬಾರದು. ಹಾಲು ಕೆಲವು ನಾಯಿಗಳಿಗೆ ಭೇದಿ ಮಾಡಿಸುತ್ತದೆ, ಮೊಸರು ವಾಸಿ.

ಮರಿಗಳಿಗೆ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸಣ್ಣ ತಳಿಯ ಮರಿ ಬಹಳ ಹೊತ್ತು ಹಸಿದಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿದು ನಡುಗಿ ಬೀಳುವುದುಂಟು.

ಪಾಲು ತೆಗೆಯುವ ಹೊತ್ತು

ಗೃಹಿಣಿಯರಿಗೆ ಒಂದು ಮಾತು. ಬಸ್ಸಾರಿಗೆ ಕಾಳು, ಸೊಪ್ಪು ಬೇಯಿಸುತ್ತೀರಿ. ಬೆಂದ ಮೇಲೆ ಕಟ್ಟು ಬಸಿಯುತ್ತೀರಿ. ಖಾರ ರುಬ್ಬಿ ಹಾಕುವುದು ಆಮೇಲೆ. ಆ ಬಸಿಯುವ ಹೊತ್ತಿನಲ್ಲಿ ಒಂದು ಹಿಡಿ ಬೆಂದ ಕಾಳನ್ನು ತೆಗೆದಿಡಿ. ಉಪ್ಪನ್ನು ಅದಾದ ಮೇಲೆ ಹಾಕಿ. ಬಾಡು ಮಾಡುವ ದಿನ ಈರುಳ್ಳಿಯ ಜೊತೆ ಬಾಡಿಸುವ ಮೊದಲೇ ನಾಲ್ಕು ಮೆತ್ತನೆಯ ತುಂಡುಗಳನ್ನು ಬೇರೆ ಬಟ್ಟಲಿನಲ್ಲಿ ಬೇಯಲು ಇಡಿ. ಮುದ್ದೆ ತೊಳೆಸುವಾಗ ಒಂದು ತುಂಡು ತೆಗೆದರಾಯಿತು. ಹೀಗೆ ಮಾಡಿದರೆ ನಾಯಿಗೆಂದು ಹೆಚ್ಚಿಗೆ ಹಿಡಿಯುವುದು ಹತ್ತು ನಿಮಿಷ.

ಇನ್ನು ಕೆಲವು ಪದಾರ್ಥಗಳನ್ನು ಮನೆಮಂದಿಯೆಲ್ಲ ನೆನಪಿಡಬೇಕು. ಪಾಯಸ, ಕೇಸರಿಬಾತಿನ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಹಸಿ ದ್ರಾಕ್ಷಿಯೂ ಅಷ್ಟೆ. ಮಕ್ಕಳ ಕೈಯ ಚಾಕೊಲೇಟು, ನಮ್ಮ ಕಾಫಿ, ಟೀ ಕೂಡದು. ಸಕ್ಕರೆರಹಿತ ಎಂದು ಬರುವ ಕೆಲವು ಚೂಯಿಂಗ್ ಗಮ್‌ಗಳಲ್ಲಿರುವ ಕ್ಸೈಲಿಟಾಲ್ ಸ್ವಲ್ಪವೇ ಸೇರಿದರೂ ಪ್ರಾಣಾಪಾಯ. ಆಲೆಮನೆಯಿಂದ ತಂದ ಬಿಸಿಬೆಲ್ಲವನ್ನು ನೆಕ್ಕಿಸುವ ಅಭ್ಯಾಸ ಬೊಜ್ಜಿಗೂ ಹಲ್ಲಿನ ಹುಳುಕಿಗೂ ದಾರಿ. ಬೆಂದ ಮೂಳೆ ಸೀಳಿ ಚೂಪಾಗಿ ಕರುಳನ್ನು ಚುಚ್ಚುತ್ತದೆ. ನಾಯಿ ಮೂಳೆ ಕಡಿಯುವುದೇ ಸಹಜ ಎಂದು ಸಾರಿನ ಮೂಳೆಯನ್ನು ಹಾಕಬೇಡಿ.

ಹೊಸತೊಡಕಿನ ದಿನದ ಅಪಾಯ

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಬಂಡೂರು ಕುರಿಗೆ ಹೆಸರು ಕೊಟ್ಟ ಬಂಡೂರು ಮಳವಳ್ಳಿ ತಾಲ್ಲೂಕಿನದು. ಕುರಿ ನಮ್ಮ ಭಾಗದ ಸಂಪತ್ತು. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಊರೂರಿನಲ್ಲಿ ಕುರಿ ಕಡಿದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ಮಾರಿಹಬ್ಬ, ಪಿತೃಪಕ್ಷಗಳಲ್ಲೂ ಹಾಗೆಯೇ. ಆ ದಿನ ಬೇಡವೆಂದು ಬಿಸಾಡಿದ ಈಲಿಯ ತುಂಡು, ಶ್ವಾಸಕೋಶ, ತಲೆಯ ಭಾಗಗಳನ್ನು ಹಸಿಯಾಗಿಯೇ ನಾಯಿಗೆ ಎಸೆಯುತ್ತೇವೆ. ನಾಯಿಗೂ ಹಬ್ಬವಾಗಲಿ ಎಂಬ ಮನಸ್ಸು ಒಳ್ಳೆಯದೇ. ಫಲ ಮಾತ್ರ ಕೆಟ್ಟದ್ದು.

ಕುರಿಯ ಈಲಿ ಅಥವಾ ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿಯ ಗುಳ್ಳೆಗಳಿರುವುದನ್ನು ನೀವು ನೋಡಿರಬಹುದು. ಅದು ಹೈಡ್ಯಾಟಿಡ್ ಎಂಬ ರೋಗದ ಗುಳ್ಳೆಯಾಗಿರಬಹುದು. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುಗಳು ಬೆಳೆಯುತ್ತವೆ. ನಾಯಿ ಮೇಲುನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಅದರ ಮಲದಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳು ಹೊರಬಂದು ಹುಲ್ಲಿಗೆ, ನೀರಿಗೆ, ನಾಯಿಯ ಕೂದಲಿಗೆ ಅಂಟುತ್ತವೆ. ಹುಲ್ಲು ಮೇಯ್ದ ಕುರಿಗೆ ಮತ್ತೆ ಗುಳ್ಳೆಯಾಗುತ್ತದೆ. ನಾಯಿಯನ್ನು ತಬ್ಬಿ, ಕೈ ತೊಳೆಯದೆ ಊಟಕ್ಕೆ ಕೂತ ಮಗುವಿನ ಹೊಟ್ಟೆಗೂ ಅದೇ ಮೊಟ್ಟೆ ಸೇರುತ್ತದೆ. ಮನುಷ್ಯನ ಈಲಿ, ಶ್ವಾಸಕೋಶಗಳಲ್ಲಿ ಆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೂ ತಂದು ನಿಲ್ಲಿಸಬಹುದು. ಜಗಲಿಯ ಕೆಳಗೆ ಮಲಗುವ ನಾಯಿಗಿಂತ ಮಡಿಲಲ್ಲಿ ಕೂರುವ ಸಣ್ಣ ನಾಯಿಯ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು.

ಇದೇ ರೀತಿ ಇನ್ನೊಂದು ಲಾಡಿಹುಳುವಿನ ಗುಳ್ಳೆ ಕುರಿಯ ಮಿದುಳಿನಲ್ಲಿ ಬೆಳೆಯುತ್ತದೆ. ಆಗ ಕುರಿ ಮಂದೆ ಬಿಟ್ಟು, ತಲೆ ವಾಲಿಸಿಕೊಂಡು ಒಂದೇ ಕಡೆಗೆ ಸುತ್ತುತ್ತಾ ಕೊನೆಗೆ ಸಾಯುತ್ತದೆ. ಅಂಥ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ಮುಂದಿನ ವರ್ಷದ ಮಂದೆಗೆ ರೋಗವನ್ನು ನಾವೇ ಬಿತ್ತಿದಂತೆ.

ಆದ್ದರಿಂದ ಹಸಿ ಈಲಿ, ಶ್ವಾಸಕೋಶ, ಮಿದುಳು ಯಾವ ನಾಯಿಗೂ ಬೇಡ. ಗುಳ್ಳೆ ಕಂಡ ಭಾಗವನ್ನು ಸುಡಿ, ಇಲ್ಲವೇ ನಾಯಿ ಕೆದಕದಷ್ಟು ಆಳದಲ್ಲಿ ಹೂಳಿ. ಗುಳ್ಳೆಯಿಲ್ಲದ ಒಳ್ಳೆಯ ಈಲಿಯನ್ನು ಅರ್ಧ ಗಂಟೆಗೂ ಹೆಚ್ಚು ಕುದಿಸಿ ವಾರಕ್ಕೊಮ್ಮೆ ಎರಡು ಸಣ್ಣ ತುಂಡು ಕೊಡಬಹುದು. ಅತಿಯಾದರೆ ಎ ಜೀವಸತ್ವ ಹೆಚ್ಚಾಗಿ ಕೆಡುಕಾಗುತ್ತದೆ. ಮೂರು ತಿಂಗಳಿಗೊಮ್ಮೆ ಪಶುವೈದ್ಯರು ತೂಕ ನೋಡಿ ಹೇಳಿದಷ್ಟು ಪ್ರಾಜಿಕ್ವಾಂಟೆಲ್ ಔಷಧಿ ಕೊಡಿಸಿ. ಮನೆಯ ಸಣ್ಣ ನಾಯಿಗೂ ಕೊಡಿಸಿ, ಕುರಿಹಟ್ಟಿಯ ನಾಯಿಗೂ ಕೊಡಿಸಿ.

ಇದು ಆಗದ ಕೆಲಸವಲ್ಲ. ಐಸ್‌ಲ್ಯಾಂಡ್ ಎಂಬ ದ್ವೀಪದೇಶದಲ್ಲಿ 19ನೆಯ ಶತಮಾನದಲ್ಲಿ ಈ ರೋಗ ಮನೆಮನೆಯ ಮಾತಾಗಿತ್ತು. ಅಲ್ಲಿಯೂ ಕುರಿ, ನಾಯಿ, ಮನುಷ್ಯ ಒಂದೇ ಸೂರಿನ ಸುತ್ತ ಬದುಕುತ್ತಿದ್ದರು. 1860ರ ದಶಕದಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಕ್ರಾಬೆ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ, ನಾಯಿಗೆ ಹಸಿ ಗುಳ್ಳೆ ಸಿಗದಂತೆ ನೋಡಿಕೊಳ್ಳಬೇಕೆಂದು ಒಂದು ಸಣ್ಣ ಪುಸ್ತಿಕೆ ಬರೆದರು. ಅದನ್ನು ಮನೆಮನೆಗೂ ಹಂಚಲಾಯಿತು. ಓದು ಬಲ್ಲ ರೈತರು ಓದಿದರು, ಕಾಯಿದೆಯೂ ಬಂತು, ರೋಗ ಕ್ರಮೇಣ ಆ ದೇಶವನ್ನೇ ಬಿಟ್ಟುಹೋಯಿತು. ಕುರಿಗಳ ನಾಡೆನಿಸಿದ ನ್ಯೂಜಿಲೆಂಡ್ 2002ರಲ್ಲಿ ತಾನು ಈ ರೋಗದಿಂದ ಮುಕ್ತವಾದೆನೆಂದು ತಾತ್ಕಾಲಿಕವಾಗಿ ಘೋಷಿಸಿಕೊಂಡಿತು. ಅವರು ಮಾಡಿದ್ದರ ತಿರುಳು ಇಷ್ಟೇ: ನಾಯಿ ಏನು ತಿನ್ನುತ್ತದೆ ಎಂಬುದನ್ನು ಮನುಷ್ಯ ಗಮನಿಸಿದ.

ಎರಡು ಆಕ್ಷೇಪಣೆಗಳು

"ಮನುಷ್ಯರ ಊಟಕ್ಕೇ ತಾಪತ್ರಯವಿರುವಾಗ ನಾಯಿಗೆ ಅಡಿಗೆಯೇ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದು ಮೊಟ್ಟೆ, ಒಂದು ಹಿಡಿ ಹಿಟ್ಟು, ನಾಲ್ಕು ತುಂಡು ಮಾಂಸ. ಮನೆಯಲ್ಲಿ ಎರಡು ನಾಟಿಕೋಳಿ ಇದ್ದರೆ ಮೊಟ್ಟೆಯ ಖರ್ಚೂ ಉಳಿಯಿತು. ಇನ್ನೊಂದು ಕಡೆ ಸುತ್ತಿ ಸುತ್ತಿ ಸತ್ತ ಒಂದು ಬಂಡೂರು ಟಗರಿನ ಬೆಲೆಯನ್ನೋ ಒಂದು ಮಗುವಿನ ಶಸ್ತ್ರಚಿಕಿತ್ಸೆಯ ಖರ್ಚನ್ನೋ ಇಡಿ. ಯಾವುದು ದುಬಾರಿ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಇಷ್ಟೂ ಮಾಡಲಾಗದು ಎನ್ನುವವರು ನಾಯಿಮರಿಯನ್ನು ತರದಿರುವುದೇ ಧರ್ಮ.

"ಪೇಟೆಯಲ್ಲಿ ಪೊಟ್ಟಣದ ಆಹಾರ ಸಿಗುತ್ತದಲ್ಲ?" ಎಂಬುದು ಇನ್ನೊಂದು ಪ್ರಶ್ನೆ. ಪೂರ್ಣ ಆಹಾರ ಎಂದು ಬರೆದಿರುವ ಒಳ್ಳೆಯ ಪೊಟ್ಟಣದಲ್ಲಿ ಖನಿಜ, ಜೀವಸತ್ವಗಳ ಲೆಕ್ಕ ಸರಿಯಾಗಿರುತ್ತದೆ. ಕೊಳ್ಳಬಲ್ಲವರು ಕೊಳ್ಳಲಿ, ತಪ್ಪೇನಿಲ್ಲ. ಆದರೆ ತಿಂಗಳ ಮೊದಲ ವಾರ ಪೊಟ್ಟಣ, ಆಮೇಲೆ ಮಿಕ್ಕ ಸಾರು ಎಂದಾಗಬಾರದು. ಯಾವುದನ್ನು ಹಿಡಿದರೂ ನಿಯಮದಿಂದ ನಡೆಸಿ. ಊಟ ಬದಲಿಸುವಾಗ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತಾ ಒಂದು ವಾರದಲ್ಲಿ ಬದಲಿಸಿ. ಒಮ್ಮೆಗೇ ಬದಲಿಸಿದರೆ ಭೇದಿಯಾಗುತ್ತದೆ.

ಕೊನೆಯ ಮಾತು

ಹಸುವಿಗೆ ಹಿಂಡಿ ಎಷ್ಟು, ಬೂಸಾ ಎಷ್ಟು, ಹಸಿಮೇವು ಎಷ್ಟು ಎಂದು ಲೆಕ್ಕವಿಟ್ಟು ಹಾಕುವುದನ್ನು ನಾವು ಕಲಿತೆವು, ಹಾಲು ಹೆಚ್ಚಿತು. ನಾಯಿ ಹಾಲು ಕೊಡುವುದಿಲ್ಲವೆಂದು ಅದರ ತಟ್ಟೆಯತ್ತ ನಾವು ನೋಡಲಿಲ್ಲ. ಆ ತಟ್ಟೆಯಿಂದ ಮಂದೆಗೂ ಮಕ್ಕಳಿಗೂ ದಾರಿಯುಂಟು ಎಂಬುದನ್ನು ಇನ್ನಾದರೂ ಮರೆಯದಿರೋಣ.

ಇಂದು ಸಂಜೆ ಒಲೆಯ ಮೇಲೆ ಸಾರು ಕುದಿಯುವಾಗ, ಈರುಳ್ಳಿ ಬಾಣಲೆಗೆ ಬೀಳುವ ಮೊದಲು, ಒಂದು ಬಟ್ಟಲು ಪಕ್ಕಕ್ಕೆ ತೆಗೆದಿಡಿ. ಬರುವ ಹೊಸತೊಡಕಿನ ದಿನ ಗುಡ್ಡೆ ಹಾಕುವ ಜಾಗದ ಪಕ್ಕದಲ್ಲಿ ಒಂದು ಆಳವಾದ ಗುಂಡಿಯನ್ನು ಮೊದಲೇ ತೋಡಿಸಿಡಿ. ಈ ಎರಡು ಕೆಲಸಗಳನ್ನು ಊರಿನಲ್ಲಿ ಹತ್ತು ಮನೆಯವರು ಮಾಡಿದರೆ ಹನ್ನೊಂದನೆಯವರು ನೋಡಿ ಕಲಿಯುತ್ತಾರೆ. ನಾಯಿಗೂ ಕ್ಷೇಮ, ಮನೆಗೂ ಕ್ಷೇಮ, ಮಂದೆಗೂ ಕ್ಷೇಮ.